ವೃದ್ಧರ ದೇಹದ ನೀರಿನಂಶವನ್ನು ಗಮನಿಸುವ ಸೆನ್ಸರ್‌ಗಳು

ದೇಹದ ನೀರಿನಂಶದ ಏರಿಳಿತವನ್ನು ಚರ್ಮದ ಮೇಲೆ ಧರಿಸಿದ ಪಟ್ಟಿ ಅಥವಾ ಅಂಟುಪಟ್ಟಿಯ ಮೂಲಕ ಅಂದಾಜು ಮಾಡುವ ಸಾಧನಗಳಿವು. ವೃದ್ಧರ ಆರೈಕೆಯಲ್ಲಿ ಇವುಗಳ ಬಳಕೆ ಇನ್ನೂ ಬಹುಮಟ್ಟಿಗೆ ಸಂಶೋಧನೆಯ ಹಂತದಲ್ಲಿದೆ.

ಹಿನ್ನೆಲೆ

ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ. ಮೂತ್ರವನ್ನು ಸಾಂದ್ರಗೊಳಿಸಿ ನೀರನ್ನು ಉಳಿಸಿಕೊಳ್ಳುವ ಮೂತ್ರಪಿಂಡಗಳ ಶಕ್ತಿಯೂ ಕುಗ್ಗುತ್ತದೆ. ರಾತ್ರಿ ಪದೇ ಪದೇ ಏಳಬೇಕಾದೀತೆಂದು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುವವರೂ ಉಂಟು. 2003ರ ಬೇಸಿಗೆಯ ಬಿಸಿಗಾಳಿಗೆ ಫ್ರಾನ್ಸಿನಲ್ಲಿ ಸುಮಾರು 15,000 ಜನರು ಮೃತಪಟ್ಟರು; ಅವರಲ್ಲಿ ಹೆಚ್ಚಿನವರು ವೃದ್ಧರು.

ಚರ್ಮವನ್ನು ಚಿವುಟಿ ನೋಡುವ ಹಳೆಯ ಪರೀಕ್ಷೆಯನ್ನು ವೃದ್ಧರಲ್ಲಿ ನಂಬುವಂತಿಲ್ಲ. ಮುಪ್ಪಿನಲ್ಲಿ ಚರ್ಮ ಹೇಗೂ ಸಡಿಲವಾಗಿರುತ್ತದೆ. ರಕ್ತದ್ರವದ ಆಸ್ಮೊಲಾಲಿಟಿ, ಅಂದರೆ ಅದರಲ್ಲಿ ಕರಗಿರುವ ಕಣಗಳ ಸಾಂದ್ರತೆ, ಕಿಲೋಗ್ರಾಂಗೆ 300 ಮಿಲಿಆಸ್ಮೋಲ್ ಮೀರಿದರೆ ನಿರ್ಜಲೀಕರಣವೆಂದು ಪರಿಗಣಿಸುತ್ತಾರೆ. ಆದರೆ ಅದಕ್ಕಾಗಿ ದಿನವೂ ರಕ್ತ ತೆಗೆಯಲಾಗದು.

ಕಾರ್ಯವಿಧಾನ

ಒಂದು ಬಗೆಯ ಸೆನ್ಸರ್ ಬೆವರಿನಲ್ಲಿರುವ ಸೋಡಿಯಂ ಮೊದಲಾದ ಲವಣಗಳನ್ನು ಅಳೆಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಸಂಶೋಧಕರು 2016ರಲ್ಲಿ ಇಂತಹ ಒಂದು ಪಟ್ಟಿಯನ್ನು ಪ್ರಕಟಪಡಿಸಿದರು. ಓಟಗಾರರಿಗೆ ಇದು ಸರಿಯೇ. ಕುರ್ಚಿಯಲ್ಲೋ ಹಾಸಿಗೆಯಲ್ಲೋ ದಿನ ಕಳೆಯುವ ಅಜ್ಜಿಗೆ ಅಳೆಯುವಷ್ಟು ಬೆವರೇ ಬಾರದು. ಆದ್ದರಿಂದ ವೃದ್ಧರಿಗೆ ಇನ್ನೊಂದು ಬಗೆಯೇ ಹೆಚ್ಚು ಹೊಂದುತ್ತದೆ. ಅದು ಅಂಗಾಂಶಗಳ ಮೂಲಕ ಅತಿ ಕ್ಷೀಣ ವಿದ್ಯುತ್ತನ್ನು ಹರಿಸಿ ಅದಕ್ಕೊದಗುವ ತಡೆಯನ್ನು ಅಳೆಯುತ್ತದೆ. ನೀರು ಕಡಿಮೆಯಾದಂತೆ ಈ ತಡೆ ಹೆಚ್ಚುತ್ತದೆ.

ಮಿತಿಗಳು

ಕಾಲಿನ ಬಾವು, ಚರ್ಮದ ಉಷ್ಣತೆ, ಮಲಗಿದ ಭಂಗಿ ಇವೆಲ್ಲ ಅಳತೆಯನ್ನು ವ್ಯತ್ಯಾಸಗೊಳಿಸುತ್ತವೆ. ಹೃದಯ ವೈಫಲ್ಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ ವೈದ್ಯರು ನೀರಿನ ಮಿತಿಯನ್ನು ವಿಧಿಸಿರಬಹುದು. ಅಂಥವರು ಸಾಧನದ ಸೂಚನೆಯೊಂದನ್ನೇ ನಂಬಿ ಹೆಚ್ಚು ನೀರು ಕುಡಿಯುವುದು ಅಪಾಯಕರ.