ಮಾಕಂದಿಬೇರು ಮತ್ತು ಮುಲುಂಡ್

ನಮ್ಮ ಟೀಮಿನ ಹುಡುಗನೊಬ್ಬ ಲೋಕಲ್ ರೈಲಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ. ಎದೆಯಿಂದ ಕೆಳಗೆ ಸ್ಪರ್ಶವೇ ಗೊತ್ತಾಗುತ್ತಿರಲಿಲ್ಲ. ನೋಡಲು ಹೋದಾಗ ಹುಬ್ಬಳ್ಳಿ ಕಡೆಯ ಅವನ ತಾಯಿ ಒಂದು ಮಾತ್ರೆ ಡಬ್ಬಿ ತಂದು ತೋರಿಸಿದರು. "ನೀವು ಓದಿದವರು ಅದೀರಿ. ಇದನ್ನ ಕೊಡಬಹುದೇನ್ರೀ? ನರ ಚಿಗುರತಾವಂತ." ಡಬ್ಬಿಯ ಮೇಲಿದ್ದ ಹೆಸರು ಫೋರ್‌ಸ್ಕೋಲಿನ್. ನಾನು ಓದಿದ್ದು ಎಂಟೆಕ್, ವೈದ್ಯಕೀಯವಲ್ಲ. ಎರಡು ದಿನ ಸಮಯ ಕೇಳಿದೆ.

ಹುಡುಕುತ್ತ ಹೋದರೆ ಕಥೆ ಬಂದು ನಿಂತದ್ದು ನಮ್ಮ ಮುಲುಂಡ್‌ನಲ್ಲೇ. 1972ರಲ್ಲಿ ಜರ್ಮನಿಯ ಹೆಕ್ಸ್ಟ್ ಕಂಪನಿ ಇಲ್ಲೊಂದು ಸಂಶೋಧನಾ ಕೇಂದ್ರ ತೆರೆಯಿತು. ಈ ನೆಲದ ಗಿಡಮೂಲಿಕೆಗಳನ್ನು ಒಂದೊಂದಾಗಿ ಪರೀಕ್ಷಿಸುವಾಗ ಕೋಲಿಯಸ್ ಜಾತಿಯ ಒಂದು ಗಿಡದ ಬೇರಿನ ಸಾರ ರಕ್ತದೊತ್ತಡ ಇಳಿಸುವುದು ಕಂಡುಬಂತು. ಕನ್ನಡದಲ್ಲಿ ಅದು ಮಾಕಂದಿಬೇರು. ಉಪ್ಪಿನಕಾಯಿ ಹಾಕುವ ಬೇರು. ಮಲೆನಾಡಿನವರ ಮಾಗಳಿಬೇರು ಬೇರೆ. ಎಸ್. ವಿ. ಭಟ್, ಎನ್. ಜೆ. ಡಿಸೋಜಾ ಮತ್ತು ಸಂಗಡಿಗರು ಅದರೊಳಗಿನ ಅಣುವಿನ ರಚನೆಯನ್ನು 1977ರಲ್ಲಿ ಪ್ರಕಟಿಸಿದರು. ಅದೇ ಫೋರ್‌ಸ್ಕೋಲಿನ್.

1981ರಲ್ಲಿ ಅಮೆರಿಕದ ಸೀಮನ್ ಮತ್ತು ಡಾಲಿ ಅದರ ಗುಟ್ಟು ಬಿಡಿಸಿದರು. ಜೀವಕೋಶದೊಳಗೆ ಸಂದೇಶ ಒಯ್ಯುವ ಸೈಕ್ಲಿಕ್ ಎಎಂಪಿ ಎಂಬ ವಸ್ತುವನ್ನು ತಯಾರಿಸುವ ಕಿಣ್ವವನ್ನು ಈ ಅಣು ನೇರವಾಗಿ ಚುರುಕುಗೊಳಿಸುತ್ತದೆ.

ಬೆನ್ನುಹುರಿಗೂ ಇದಕ್ಕೂ ನಂಟು ಇಲ್ಲಿದೆ. ಪೆಟ್ಟಿನ ನಂತರ ಉರಿಯೂತ ಶುರುವಾಗಿ, ಉಳಿದಿದ್ದ ನರಗಳನ್ನೂ ಹಾಳುಮಾಡುತ್ತದೆ. ಆ ಹೊತ್ತಿಗೆ ಅಲ್ಲಿನ ಸೈಕ್ಲಿಕ್ ಎಎಂಪಿ ಕುಸಿದಿರುತ್ತದೆ. ಅದನ್ನು ಏರಿಸಿದರೆ ಉರಿಯೂತ ತಗ್ಗುತ್ತದೆ, ನರತಂತು ಬೆಳೆಯಲು ಹವಣಿಸುತ್ತದೆ. 2004ರಲ್ಲಿ ಮಯಾಮಿ ವಿಶ್ವವಿದ್ಯಾಲಯದ ಪಿಯರ್ಸ್, ಮೇರಿ ಬಂಜ್ ಮತ್ತಿತರರು ಗಾಯಗೊಂಡ ಇಲಿಗಳಿಗೆ ಶ್ವಾನ್ ಕೋಶಗಳನ್ನು ಕಸಿಮಾಡಿ, ಜೊತೆಗೆ ಸೈಕ್ಲಿಕ್ ಎಎಂಪಿಯನ್ನೂ, ಅದು ಕರಗದಂತೆ ತಡೆಯುವ ರೋಲಿಪ್ರಾಮ್ ಎಂಬ ಔಷಧವನ್ನೂ ಕೊಟ್ಟಾಗ ಅವುಗಳ ನಡಿಗೆ ಸುಧಾರಿಸಿತು. ರೋಲಿಪ್ರಾಮ್ ಬೇರಿನಿಂದ ಬಂದದ್ದಲ್ಲ. ಮಾಕಂದಿಬೇರಿನ ಅಣುವಿಗೆ ಸಿಕ್ಕ ಕೆಲಸ ಬೇರೆ: ಮನುಷ್ಯರ ಶ್ವಾನ್ ಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ವೃದ್ಧಿಸುವಾಗ ಪೋಷಕ ದ್ರವಕ್ಕೆ ಅದನ್ನು ಬೆರೆಸುತ್ತಾರೆ. ಅಂಥ ಕೋಶಗಳನ್ನು ರೋಗಿಗಳಿಗೆ ಕಸಿಮಾಡಿ ನೋಡಲು ಮಯಾಮಿ ತಂಡಕ್ಕೆ 2012ರಲ್ಲಿ ಅನುಮತಿ ಸಿಕ್ಕಿತು; ಆ ಮೊದಲ ಪ್ರಯೋಗದ ಪ್ರಶ್ನೆ ಅದು ಸುರಕ್ಷಿತವೇ ಎಂಬುದಷ್ಟೇ.

ಅಂದರೆ ಮುಲುಂಡ್‌ನ ಅಣು ನಿಜಕ್ಕೂ ಬೆನ್ನುಹುರಿಯ ಚಿಕಿತ್ಸೆಯ ಹುಡುಕಾಟದಲ್ಲಿದೆ, ಆದರೆ ತಟ್ಟೆಯಲ್ಲಿ. ಡಬ್ಬಿ ಮಾರುವವರು ಆ ತಟ್ಟೆಗೂ ರೋಗಿಯ ಬಾಯಿಗೂ ನಡುವಿನ ದೂರವನ್ನು ನುಂಗಿಬಿಟ್ಟಿದ್ದಾರೆ. ಇನ್ನೊಂದು ಭಯವೂ ಇತ್ತು. ಎತ್ತಿ ಕೂರಿಸಿದರೆ ಸಾಕು, ಹುಡುಗನ ರಕ್ತದೊತ್ತಡ ಕುಸಿಯುತ್ತಿತ್ತು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಇಂಜೆಕ್ಷನ್ ನಡೆದಿತ್ತು. ಫೋರ್‌ಸ್ಕೋಲಿನ್ ರಕ್ತದೊತ್ತಡ ಇಳಿಸುತ್ತದೆ, ರಕ್ತ ಹೆಪ್ಪುಗಟ್ಟುವುದಕ್ಕೂ ಅಡ್ಡಬರುತ್ತದೆ.

ಮೂರನೆಯ ದಿನ ಹೋಗಿ, "ಅಮ್ಮಾ, ಇದು ಬೇಡ. ಡಾಕ್ಟರಿಗೆ ತೋರಿಸದೆ ಏನನ್ನೂ ಕೊಡಬೇಡಿ" ಎಂದೆ. ಬೇರಿನ ಕಥೆಯನ್ನೂ ಹೇಳಿದೆ. ಅವರು ಪೂರ್ತಿ ಕೇಳಿ, "ಹಂಗಾರ ಇನ್ನೂ ಹುಡುಕಾಕ ಹತ್ಯಾರಲ್ಲ?" ಎಂದರು.

"ಹೌದಮ್ಮಾ, ಹುಡುಕ್ತಿದ್ದಾರೆ." ಸುಳ್ಳು ಹೇಳದೆ ಕೊಡಬಹುದಾಗಿದ್ದ ಭರವಸೆ ಅಷ್ಟೇ.