ರಜಾಕಾರ

ಸ್ವಯಂಸೇವಕ ಎಂಬುದು ಈ ಪದದ ಹುಟ್ಟರ್ಥ. ಅರಬ್ಬಿ ಮೂಲದ ‘ರಜಾ’ ಎಂದರೆ ಒಪ್ಪಿಗೆ. ಮನಸಾರೆ ಒಪ್ಪಿ ಕೆಲಸಕ್ಕೆ ನಿಂತವನು ರಜಾಕಾರ. ಪಾಕಿಸ್ತಾನದಲ್ಲಿ ಇಂದಿಗೂ ನೆರೆ ಬಂದಾಗ ನೆರವಿಗೆ ಬರುವವನನ್ನು ಹೀಗೇ ಕರೆಯುತ್ತಾರೆ. ಬೀದರಿನಲ್ಲಿ ಮಾತ್ರ ಈ ಹೆಸರು ಹಿಡಿದು ಯಾರನ್ನೂ ಹೊಗಳಲಾಗದು. ಭಾಲ್ಕಿಯಲ್ಲಾಗಲಿ ಔರಾದಿನಲ್ಲಾಗಲಿ ‘ರಜಾಕಾರರ ಹಾವಳಿ’ ಎಂದರೆ ಸಾಕು, ಇಸವಿ ಹೇಳಬೇಕಿಲ್ಲ.

ಪದ ಸುಮ್ಮನೆ ಕೆಡಲಿಲ್ಲ. ಲಾತೂರಿನ ವಕೀಲ ಖಾಸಿಂ ರಜ್ವಿಯ ರಜಾಕಾರ ಪಡೆ ಹೈದರಾಬಾದಿನ ನಿಜಾಮನ ಗಾದಿ ಉಳಿಸುವ ನೆಪದಲ್ಲಿ ಹಳ್ಳಿಗಳನ್ನು ಸುಲಿಯಿತು, ಸುಟ್ಟಿತು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾ ಹಳ್ಳಿಯಲ್ಲಿ ಅದು ನಡೆಸಿದ ಕಗ್ಗೊಲೆಗೆ ಸುಮಾರು 200 ಜನ ಬಲಿಯಾದರೆಂದು ಈ ಸೀಮೆಯವರು ಹೇಳುತ್ತಾರೆ. ಇಂಥ ಸುದ್ದಿ ಕೇಳಿ ದೇಶ ಕುದಿಯಿತು. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು; 17ಕ್ಕೆ ನಿಜಾಮ ಸೋಲೊಪ್ಪಿದ. ಸೇನೆ ನಡೆಸಿದ ಆ ಯುದ್ಧಕ್ಕೆ ‘ಪೊಲೀಸ್ ಆ್ಯಕ್ಷನ್’ ಎಂಬ ಹೆಸರು ಬಿತ್ತು. ನಮ್ಮಲ್ಲಿ ಇವತ್ತಿಗೂ ಅದೇ ರೂಢಿ.

ನನ್ನನ್ನು ಕಾಡುವುದು ಆಮೇಲಿನ ವಾರಗಳು. ಬಂದೂಕು ಹಿಡಿದವನಿಗೆ ಮಾತ್ರ ಸಲ್ಲಬೇಕಿದ್ದ ‘ರಜಾಕಾರ’ ಎಂಬ ಹೆಸರು ಆಗ ಬರಿಗೈಯವರಿಗೂ ಅಂಟಿತು. ಮುಸ್ಲಿಂ ಗಂಡಸಾಗಿದ್ದರೆ ಸಾಕಾಯಿತು. ಆ ಹೆಸರಿನಲ್ಲಿ ನಡೆದ ಕೊಲೆಗಳ ನಿಜ ತಿಳಿಯಲು ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರ ತಂಡ ಅದೇ ವರ್ಷದ ಕೊನೆಗೆ ಊರೂರು ತಿರುಗಿತು. ಸಂಸ್ಥಾನದಲ್ಲಿ ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು. ಉಸ್ಮಾನಾಬಾದ್, ಗುಲ್ಬರ್ಗಾ, ನಾಂದೇಡ್ ಉಳಿದವು. ಕೆಲವು ಕಡೆ ಸಶಸ್ತ್ರ ಪಡೆಯವರೇ ಗಂಡಸರನ್ನು ಊರ ಹೊರಗೆ ಕರೆತಂದು ಕೊಂದರೆಂದೂ ವರದಿಯಲ್ಲಿದೆ. ಜೀವದ ಹಂಗು ತೊರೆದು ಮುಸ್ಲಿಂ ನೆರೆಯವರನ್ನು ಉಳಿಸಿದ ಹಿಂದೂಗಳ ಮಾತೂ ಇದೆ. ಸರ್ಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. ಹಾಗಾಗಿ ಗೋರಟಾ ದೇಶದ ಮನಸ್ಸನ್ನು ಕಟ್ಟಿತು, ಈ ಸಾವುಗಳು ಮನೆಮಾತಿನಲ್ಲೇ ಉಳಿದವು.

ಖಾಸಿಂ ರಜ್ವಿಗೆ ನ್ಯಾಯಾಲಯ ಸಿಕ್ಕಿತು, ವಕೀಲ ಸಿಕ್ಕಿದ, ಜೈಲು ಸಿಕ್ಕಿತು. 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೊರಟುಹೋದ. ಅವನ ಪಡೆಯ ಹೆಸರು ಹೊತ್ತು ಸತ್ತ ಹಳ್ಳಿಗನಿಗೆ ‘ನಾನು ರಜಾಕಾರ ಅಲ್ಲ’ ಎನ್ನಲು ಕಟಕಟೆಯೂ ಇರಲಿಲ್ಲ.

ಢಾಕಾದಲ್ಲೂ, 1971ರಲ್ಲಿ ಪಾಕಿಸ್ತಾನದ ಸೇನೆಯ ಜೊತೆ ನಿಂತ ರಜಾಕಾರರ ಪಾಪಗಳಿಂದ, ಇದೇ ಪದ ಬೈಗುಳವಾಗಿದೆ. 2024ರ ಜುಲೈನಲ್ಲಿ ಆಗಿನ ಪ್ರಧಾನಿ ಶೇಖ್ ಹಸೀನಾ ಮೀಸಲಾತಿ ವಿರೋಧಿ ಚಳವಳಿಯ ಮಾತಿನ ನಡುವೆ ಅದನ್ನು ಎತ್ತಿದಾಗ, ವಿದ್ಯಾರ್ಥಿಗಳು ಅದನ್ನೇ ಘೋಷಣೆ ಮಾಡಿಕೊಂಡು ಬೀದಿಗಿಳಿದರು.

ಗೋರಟಾದಲ್ಲಿ ಹುತಾತ್ಮರ ಸ್ಮಾರಕವಿದೆ, ಇರಲೇಬೇಕು. ಪ್ರತಿ ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಆ ಊರಿನ ಹೆಸರು ಬರಬೇಕು. ಅದೇ ವೇದಿಕೆಯಿಂದ ಸುಂದರಲಾಲ್ ವರದಿಯ ಬೀದರ್ ಭಾಗವನ್ನೂ ಕನ್ನಡದಲ್ಲಿ ಓದಿ ಹೇಳಲಿ. ಬೀದರ್, ಭಾಲ್ಕಿ, ಔರಾದಿನ ಗ್ರಂಥಾಲಯಗಳಲ್ಲಿ ಅದರ ಪ್ರತಿ ಸಿಗಲಿ.