ಸಾಮಾನು ಬಂತು, ಬಾವಿ ಬರಲಿಲ್ಲ: ಹಳೇ ಕಂಪ್ಯೂಟರಿನಿಂದ ಹೊಸದಕ್ಕೆ ಕನ್ನಡದ ಪಯಣ

ಇವತ್ತಿನ ವಿಷಯ ಕೇಳಿದರೆ, ಇದರಲ್ಲಿ ಇತಿಹಾಸ ಏನಿದೆ ಅಂತ ಕೆಲವರಿಗೆ ಅನ್ನಿಸಬಹುದು. ಹಳೇ ಕಂಪ್ಯೂಟರಿನಿಂದ ಹೊಸ ಕಂಪ್ಯೂಟರಿಗೆ ಫೈಲು ಮತ್ತು ಸೆಟ್ಟಿಂಗು ಸಾಗಿಸೋದು. ಪೆನ್‌ಡ್ರೈವ್ ಹಾಕಿ, ಕಾಪಿ ಮಾಡಿ, ಮುಗೀತು. ನಾನೂ ಹಾಗೇ ಅಂದುಕೊಂಡಿದ್ದೆ. ಪುಣೆಯಲ್ಲಿ ಹನ್ನೊಂದು ವರ್ಷದಿಂದ ಸಾಫ್ಟ್‌ವೇರ್ ಕೆಲಸ ಮಾಡ್ತಿದೀನಿ, ಎಂ.ಟೆಕ್ ಓದಿದೀನಿ, ಕಂಪನಿಯಲ್ಲಿ ದೊಡ್ಡ ದೊಡ್ಡ ಡೇಟಾಬೇಸ್ ಮೈಗ್ರೇಶನ್ ಮಾಡಿ ಶಭಾಷ್ ಅನ್ನಿಸಿಕೊಂಡಿದೀನಿ. ಆದರೆ ಅಪ್ಪನ ಕಂಪ್ಯೂಟರ್ ಬದಲಾಯಿಸುವಾಗ ಕೆಟ್ಟದಾಗಿ ಎಡವಿದೆ.

ಅಪ್ಪ ಸಾಗರ ತಾಲೂಕಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಹಿನ್ನೀರಿನಲ್ಲಿ ಊರು, ತೋಟ ಕಳೆದುಕೊಂಡ ಹಿರಿಯರ ನೆನಪುಗಳನ್ನು ಅವರು ಸುಮಾರು ಇಪ್ಪತ್ತೈದು ವರ್ಷದಿಂದ ಬರೆದಿಡ್ತಾ ಬಂದಿದಾರೆ. ಯಾರ ಮನೆ ಎಲ್ಲಿತ್ತು, ಗದ್ದೆಗೆ ಏನು ಹೆಸರು, ಎತ್ತಿನಗಾಡಿ ಎಷ್ಟು ಸಲ ಓಡಾಡಿತು, ಹೊಸ ಜಾಗದಲ್ಲಿ ಮೊದಲ ಮಳೆಗಾಲ ಹೇಗಿತ್ತು, ಇಂಥವು. ಎಲ್ಲಾ ಒಂದು ಹಳೇ ವಿಂಡೋಸ್ ಎಕ್ಸ್‌ಪಿ ಡೆಸ್ಕ್‌ಟಾಪಿನಲ್ಲಿ. ಆ ಕೀಬೋರ್ಡಿನಲ್ಲಿ ಎಫ್ ಅನ್ನೋ ಅಕ್ಷರ ಪೂರ್ತಿ ಸವೆದು ಹೋಗಿತ್ತು. ಅದು ಯಾಕೆ ಅಂತ ಆಮೇಲೆ ಹೇಳ್ತೀನಿ.

ಕಳೆದ ಯುಗಾದಿಗೆ ಊರಿಗೆ ಹೋದಾಗ ಹೊಸ ಲ್ಯಾಪ್‌ಟಾಪ್ ತಗೊಂಡು ಹೋಗಿದ್ದೆ. 412 ಫೈಲು, ಒಟ್ಟು 19 ಎಂಬಿ. ಎರಡು ನಿಮಿಷದಲ್ಲಿ ಕಾಪಿ ಆಯ್ತು. ಎಣಿಕೆ ಸರಿ ಇದೆಯಾ ನೋಡಿದೆ, ಸೈಜ್ ಸರಿ ಇದೆಯಾ ನೋಡಿದೆ. ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡಿ, ಡಬ್ಬಿಯನ್ನ ಪರಿಚಯದ ಹುಡುಗನೊಬ್ಬನಿಗೆ ಕೊಟ್ಟೂ ಆಯ್ತು. ಸಂಜೆ ಅಪ್ಪ ಮೊದಲ ಫೈಲ್ ತೆಗೆದರು. ಪರದೆ ತುಂಬಾ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆ ಮೇಲೆ ಗೀಟು ಇರೋ ಎ. ಕನ್ನಡದ ಒಂದು ಅಕ್ಷರವೂ ಇಲ್ಲ. ಅಪ್ಪ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿ, "ತಮಾ, ಎಲ್ಲಾ ಹೋಯ್ತಾ?" ಅಂದರು.

ಏನಾಗಿತ್ತು ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗೋಣ.

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸೋದು ಪಿಸಿಯಷ್ಟೇ ಹಳೇ ತಲೆನೋವು. ಮೊದಲು ಇದ್ದದ್ದು ಫ್ಲಾಪಿ. ಒಂದರಲ್ಲಿ 1.44 ಎಂಬಿ. ಅಪ್ಪನ 19 ಎಂಬಿಗೆ 14 ಫ್ಲಾಪಿ ಬೇಕಿತ್ತು, ಅದರಲ್ಲಿ ಒಂದು ಕೆಟ್ಟರೂ ಅಷ್ಟು ಬರಹ ಹೋದಂತೆ. ಆಮೇಲೆ ಎರಡು ಕಂಪ್ಯೂಟರ್ ನಡುವೆ ನೇರವಾಗಿ ಕೇಬಲ್ ಹಾಕೋ ಪದ್ಧತಿ ಬಂತು. 80ರ ದಶಕದ ಲ್ಯಾಪ್‌ಲಿಂಕ್ ಇದರಲ್ಲಿ ಹೆಸರು ಮಾಡಿತು. 1993ರ ಎಂಎಸ್ ಡಾಸ್ 6ರಲ್ಲಿ ಇದಕ್ಕೆಂದೇ ಇಂಟರ್‌ಲಿಂಕ್ ಅನ್ನೋ ಕಮಾಂಡ್ ಇತ್ತು. ಪ್ರಿಂಟರ್ ಪೋರ್ಟಿಗೆ ಕೇಬಲ್ ಸಿಕ್ಕಿಸಿದರೆ ಆ ಯಂತ್ರದ ಡ್ರೈವ್ ಈ ಯಂತ್ರದಲ್ಲಿ ಕಾಣೋದು. ವಿಂಡೋಸ್ 95ರಲ್ಲಿ ಅದೇ ಕೆಲಸ ಡೈರೆಕ್ಟ್ ಕೇಬಲ್ ಕನೆಕ್ಷನ್ ಅನ್ನೋ ಹೆಸರಲ್ಲಿ ಮುಂದುವರೀತು.

ಇವೆಲ್ಲ ಸಾಗಿಸ್ತಿದ್ದದ್ದು ಫೈಲು ಮಾತ್ರ. ಡಾಸ್ ಕಾಲದಲ್ಲಿ ಅಷ್ಟೇ ಸಾಕಿತ್ತು, ಯಾಕೆಂದರೆ ಪ್ರೋಗ್ರಾಮಿನ ಸೆಟ್ಟಿಂಗೂ ಬಹುಮಟ್ಟಿಗೆ ಅದರ ಪಕ್ಕದಲ್ಲೇ ಒಂದು ಫೈಲಾಗಿ ಕೂತಿರ್ತಿತ್ತು. ಫೋಲ್ಡರ್ ಎತ್ತಿಕೊಂಡು ಹೋದರೆ ಸಂಸಾರವೇ ಬಂದಂತೆ. ವಿಂಡೋಸ್ 95ರಿಂದ ಇದು ಬದಲಾಯ್ತು. ಸೆಟ್ಟಿಂಗುಗಳು ರಿಜಿಸ್ಟ್ರಿ ಅನ್ನೋ ದೊಡ್ಡ ಉಗ್ರಾಣ ಸೇರಿದವು. ಫಾಂಟುಗಳು ವಿಂಡೋಸ್ ಫೋಲ್ಡರಿನ ಒಳಗೆ ಬೇರೆ ಕಡೆ. ನೀವು ಬರೆದದ್ದು ಒಂದು ಕೋಣೆಯಲ್ಲಿ, ಅದನ್ನ ಓದೋಕೆ ಬೇಕಾದದ್ದು ಇನ್ನೊಂದು ಕೋಣೆಯಲ್ಲಿ.

ಇದನ್ನ ಮೈಕ್ರೋಸಾಫ್ಟ್‌ನವರೂ ಗಮನಿಸಿದ್ದರು. 2001ರಲ್ಲಿ ಬಂದ ಎಕ್ಸ್‌ಪಿಯಲ್ಲಿ ಫೈಲ್ಸ್ ಆ್ಯಂಡ್ ಸೆಟ್ಟಿಂಗ್ಸ್ ಟ್ರಾನ್ಸ್‌ಫರ್ ವಿಝಾರ್ಡ್ ಅಂತ ಒಂದಿತ್ತು. ಅದು ಡಾಕ್ಯುಮೆಂಟ್, ಡೆಸ್ಕ್‌ಟಾಪ್, ಮೇಲ್ ಸೆಟ್ಟಿಂಗ್ ಜೊತೆಗೆ ಫಾಂಟುಗಳನ್ನೂ ಕಟ್ಟಿಕೊಡ್ತಿತ್ತು. ಪ್ರೋಗ್ರಾಮುಗಳನ್ನ ಮಾತ್ರ ನೀವೇ ಹೊಸದಾಗಿ ಹಾಕಿಕೊಳ್ಳಬೇಕು. 2007ರಲ್ಲಿ ವಿಸ್ತಾ ಬಂದಾಗ ಅದಕ್ಕೆ ಈಝಿ ಟ್ರಾನ್ಸ್‌ಫರ್ ಅಂತ ಹೆಸರಾಯ್ತು, ಅದಕ್ಕೇ ಅಂತ ವಿಶೇಷ ಯುಎಸ್‌ಬಿ ಕೇಬಲ್ ಕೂಡ ಮಾರಾಟಕ್ಕೆ ಬಂತು. 2015ರ ವಿಂಡೋಸ್ 10ರಲ್ಲಿ ಈಝಿ ಟ್ರಾನ್ಸ್‌ಫರನ್ನೇ ತೆಗೆದರು. ಅಷ್ಟರಲ್ಲಿ ಎಲ್ಲವೂ ಕ್ಲೌಡಿನಲ್ಲಿರುತ್ತೆ, ಲಾಗಿನ್ ಆದರೆ ಸಾಕು ಅನ್ನೋ ಕಾಲ ಬಂದಿತ್ತು.

ಯೋಚನೆ ಮಾಡಿ, 2001ರ ವಿಝಾರ್ಡಿಗೆ ಇದ್ದ ಬುದ್ಧಿ ಪೆನ್‌ಡ್ರೈವ್ ಹಿಡಿದ ಎಂ.ಟೆಕ್ ಪದವೀಧರನಿಗೆ ಇರಲಿಲ್ಲ.

ಆದರೆ ಫಾಂಟ್ ಇಲ್ಲದಿದ್ದರೆ ಅಕ್ಷರದ ಅಂದ ಕೆಡಬೇಕು ಅಷ್ಟೇ, ಅಕ್ಷರವೇ ಯಾಕೆ ಬದಲಾಗಬೇಕು? ಇಲ್ಲಿಂದ ಕತೆ ನಮ್ಮದು.

ಕಂಪ್ಯೂಟರಿಗೆ ಗೊತ್ತಿರೋದು ಅಂಕಿ. 1963ರ ಆಸ್ಕಿ ಪಟ್ಟಿಯಲ್ಲಿ ಇದ್ದದ್ದು 128 ಸ್ಥಾನ, ಎಲ್ಲಾ ಇಂಗ್ಲಿಷಿಗೆ. ಎಂಟು ಬಿಟ್ ಬಳಸಿದರೆ 256 ಸಿಗುತ್ತೆ. ಉಳಿದ 128ರಲ್ಲಿ ಭಾರತದ ಲಿಪಿಗಳನ್ನ ಕೂರಿಸೋ ಪ್ರಯತ್ನವೇ ಇಸ್ಕಿ, 1991ರಲ್ಲಿ ಅದು ಭಾರತೀಯ ಮಾನಕವಾಯ್ತು. ನಾನಿರೋ ಪುಣೆಯ ಸಿ-ಡ್ಯಾಕ್ ಇದರ ಮುಖ್ಯ ತಾಣ. ಜಿಸ್ಟ್ ಅನ್ನೋ ಕಾರ್ಡನ್ನ ಕಂಪ್ಯೂಟರಿನೊಳಗೆ ಕೂರಿಸಿ ಭಾರತೀಯ ಭಾಷೆ ಬಳಸ್ತಿದ್ದ ಕಾಲ ಅದು. ಇಸ್ಕಿಯಲ್ಲಿ ಕನ್ನಡದ ಕ, ಹಿಂದಿಯ ಕ, ತೆಲುಗಿನ ಕ, ಎಲ್ಲಕ್ಕೂ ಒಂದೇ ಅಂಕಿ. ಯೋಚನೆ ಚೆನ್ನಾಗಿತ್ತು. ಆದರೆ ಪ್ರೆಸ್ಸು, ಡಿಟಿಪಿ ಅಂಗಡಿಗಳಿಗೆ ಬೇಕಾದದ್ದು ಪೇಜ್‌ಮೇಕರಿನಲ್ಲಿ ಇವತ್ತೇ ಕನ್ನಡ ಕಾಣೋದು.

ಅದಕ್ಕೊಂದು ಉಪಾಯ ಹುಡುಕಿಕೊಂಡರು. ಇಂಗ್ಲಿಷ್ ಫಾಂಟಿನಲ್ಲಿ ಅಕ್ಷರಗಳ ಚಿತ್ರ ತೆಗೆದು, ಅದೇ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನ ಇಡೋದು. ಕಂಪ್ಯೂಟರ್ ತಾನು ಇಂಗ್ಲಿಷ್ ಬರೀತಿದೀನಿ ಅಂದುಕೊಂಡಿರುತ್ತೆ, ನಮಗೆ ಕನ್ನಡ ಕಾಣುತ್ತೆ. ನುಡಿ ಫಾಂಟಿನಲ್ಲಿ ದೊಡ್ಡ ಪಿ ಜಾಗದಲ್ಲಿ, ಅಂದರೆ 80ನೇ ಸ್ಥಾನದಲ್ಲಿ, ತಲೆಕಟ್ಟಿಲ್ಲದ ಕ ಇದೆ. ಗೀಟಿರೋ ಎ ಜಾಗದಲ್ಲಿ, 192ರಲ್ಲಿ, ತಲೆಕಟ್ಟು. ಎರಡು ಸೇರಿದರೆ ಕ. ಹಾಗಾಗಿ 'ಕನ್ನಡ' ಅನ್ನೋ ಪದ ಅಪ್ಪನ ಫೈಲಿನಲ್ಲಿ 80, 192, 163, 192, 223, 113, 192 ಅಂತ ಏಳು ಅಂಕಿಯಾಗಿ ಕೂತಿತ್ತು. ಫಾಂಟ್ ಇದ್ದಾಗ ಅದು ಕನ್ನಡ. ಇಲ್ಲದಾಗ ಪಿ, ಗೀಟಿನ ಎ, ಪೌಂಡು. ಫೈಲಿನೊಳಗೆ ಕನ್ನಡ ಯಾವತ್ತೂ ಇರಲೇ ಇಲ್ಲ. ಇದ್ದದ್ದು ಫಾಂಟಿನಲ್ಲಿ.

ಇದನ್ನ ಹೇಳಿ ಆ ಕಾಲದವರನ್ನ ಹಳಿಯೋದು ನನ್ನ ಉದ್ದೇಶ ಅಲ್ಲ. ಅವರಿಲ್ಲದಿದ್ದರೆ ಅಪ್ಪ ಬರೀತಲೇ ಇರಲಿಲ್ಲ. ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಬೋರ್ಡಿನ 26 ಅಕ್ಷರಗಳಲ್ಲೇ ಇಡೀ ಕನ್ನಡವನ್ನ ಕೂರಿಸಿದರು. ಆ ವಿನ್ಯಾಸವೇ ಮುಂದೆ ಸರ್ಕಾರದ ಅಧಿಕೃತ ಕೀಲಿಮಣೆಗೆ ಆಧಾರವಾಯ್ತು. ಅದರಲ್ಲಿ ಅರ್ಧಾಕ್ಷರಕ್ಕೆ, ಒತ್ತಕ್ಷರಕ್ಕೆ ಎಫ್ ಒತ್ತಬೇಕು. ಕನ್ನಡದಲ್ಲಿ ಒತ್ತಕ್ಷರ ಎಷ್ಟಿದೆ ಅಂತ ತಿಳಿಯಬೇಕಾದರೆ ಅಪ್ಪನ ಕೀಬೋರ್ಡ್ ನೋಡಬೇಕಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಕನ್ನಡ ಗಣಕ ಪರಿಷತ್ತು ನುಡಿಯನ್ನ ರೂಪಿಸಿತು, ಸರ್ಕಾರ ಅದನ್ನ ಉಚಿತವಾಗಿ ಕೊಟ್ಟಿತು. ತಾಲೂಕು ಕಚೇರಿಯಿಂದ ನಮ್ಮ ಮನೆ ಜಗುಲಿವರೆಗೆ ಕನ್ನಡ ಟೈಪಿಂಗ್ ತಲುಪಿದ್ದು ಹೀಗೆ.

ಇದರ ಪಕ್ಕದಲ್ಲೇ ಇನ್ನೊಂದು ದಾರಿ ಇತ್ತು. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗೆ ಸ್ವಂತ ಜಾಗ ಸಿಕ್ಕಿತ್ತು, ಜೋಡಣೆ ಇಸ್ಕಿಯಿಂದ ಬಂದದ್ದು. ಅಲ್ಲಿ 'ಕನ್ನಡ' ಅಂದರೆ 3221, 3240, 3277, 3240, 3233. ಐದೇ ಅಂಕಿ, ಬೇರೆ ಯಾವ ಲಿಪಿಯದ್ದೂ ಅಲ್ಲ. ಎಕ್ಸ್‌ಪಿಯಲ್ಲೇ ತುಂಗಾ ಅನ್ನೋ ಯೂನಿಕೋಡ್ ಕನ್ನಡ ಫಾಂಟ್ ಇತ್ತು. ಅಂದರೆ ಅಪ್ಪನ ಅದೇ ಹಳೇ ಡಬ್ಬಿಯಲ್ಲಿ ದಾರಿ ತೆರೆದೇ ಇತ್ತು. ಆದರೆ ಪ್ರೆಸ್ಸಿನವರು ನುಡಿಯಲ್ಲೇ ಕೊಡಿ ಅಂತಿದ್ದರು, ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಬರ್ತಿರಲಿಲ್ಲ, ಕಚೇರಿಗಳೂ ಹಾಗೇ. ಅಪ್ಪ ಒಬ್ಬರೇ ಬದಲಾಗಿ ಏನು ಮಾಡಬೇಕಿತ್ತು?

ಸರಿ, ಆ ಸಂಜೆಗೆ ವಾಪಸ್ ಬರೋಣ. ಲ್ಯಾಪ್‌ಟಾಪಿಗೆ ನುಡಿ ಹಾಕಿದೆ. ಇಪ್ಪತ್ತು ನಿಮಿಷದಲ್ಲಿ 406 ಫೈಲು ಕನ್ನಡವಾದವು. ಅಪ್ಪ ಉಸಿರು ಬಿಟ್ಟರು. ಆದರೆ ಅದನ್ನ ನನ್ನ ಫೋನಿಗೆ ಕಳಿಸಿದರೆ ಮತ್ತೆ ಪೌಂಡ್ ಗುರುತು. ಹಾಗಾಗಿ ಎಲ್ಲವನ್ನೂ ಯೂನಿಕೋಡಿಗೆ ತರೋಣ ಅಂತ ಕೂತೆ. ಪರಿವರ್ತಕಗಳು ಉಚಿತವಾಗಿ ಸಿಗ್ತವೆ. ಆದರೆ ಬರೀ ಅಂಕಿಗೆ ಅಂಕಿ ಬದಲಾಯಿಸಿದರೆ ಸಾಲದು. 'ಧರ್ಮ'ದ ಅರ್ಕಾವೊತ್ತು ಹಳೇ ಫೈಲಿನಲ್ಲಿ ಕಣ್ಣಿಗೆ ಕಾಣೋ ಕ್ರಮದಲ್ಲಿ, ಮ ಆದಮೇಲೆ ಇರುತ್ತೆ. ಯೂನಿಕೋಡಿನಲ್ಲಿ ನಾವು ಉಚ್ಚರಿಸೋ ಕ್ರಮದಲ್ಲಿ, ಮ ಮೊದಲು ರ ಬರಬೇಕು. ಇನ್ನೊಂದು ಎಡವಟ್ಟು ನನ್ನದೇ: ಮೊದಲ ಹತ್ತು ಫೈಲನ್ನ ನೋಟ್‌ಪ್ಯಾಡಿಗೆ ಹಾಕಿ ಬದಲಾಯಿಸಿದೆ. ಫಾಂಟ್ ಗುರುತು ಅಳಿಸಿಹೋಗಿ, ಅಪ್ಪ ಇಂಗ್ಲಿಷಿನಲ್ಲಿ ಬರೆದಿದ್ದ ಸರ್ವೆ ಇಲಾಖೆಯ ಪದಗಳೆಲ್ಲ ಅರ್ಥವಿಲ್ಲದ ಕನ್ನಡವಾದವು. ಪುಣ್ಯಕ್ಕೆ ಮೂಲ ಪ್ರತಿ ಇಟ್ಟುಕೊಂಡಿದ್ದೆ.

ಉಳಿದದ್ದು ಆರು ಫೈಲು. ಅವು ನುಡಿಯವಲ್ಲ. 90ರ ದಶಕದ ಕೊನೆಯಲ್ಲಿ, ಮನೆಗೆ ಕಂಪ್ಯೂಟರ್ ಬರೋಕೆ ಮುಂಚೆ, ಪೇಟೆಯ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದು. ಅಂಗಡಿಯವರು ಫ್ಲಾಪಿಯಲ್ಲಿ ಬರಹದ ಜೊತೆ ಫಾಂಟನ್ನೂ ಕೊಟ್ಟಿದ್ದರಂತೆ. ಆ ಫಾಂಟ್ ಇದ್ದದ್ದು ಹಳೇ ಯಂತ್ರದ ಫಾಂಟ್ಸ್ ಫೋಲ್ಡರಿನಲ್ಲಿ, ಅದನ್ನ ನಾನೇ ಬೆಳಿಗ್ಗೆ ಅಳಿಸಿದ್ದೆ. ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಗಿತ್ತು. ಬರೀ ಟೆಕ್ಸ್ಟ್ ಫೈಲ್, ಫಾಂಟಿನ ಹೆಸರೂ ಇಲ್ಲ. ಆ ಆರರಲ್ಲಿ ಮಾತಾಡಿದ ಹಿರಿಯರು ಯಾರೂ ಈಗ ಇಲ್ಲ.

ಅಪ್ಪ ಬೈಯಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಒಂದು ಮಾತು ಹೇಳಿದರು: "ಮುಳುಗಡೆಯಿಂದ ಬಂದ ಒಬ್ಬರು ಹೇಳ್ತಿದ್ದರು, ಸಾಮಾನೆಲ್ಲ ಲಾರಿಯಲ್ಲಿ ಬಂತು ಮಾಷ್ಟ್ರೇ, ಬಾವಿ ಬರಲಿಲ್ಲ ಅಂತ." ಬೈದಿದ್ದರೇ ಚೆನ್ನಾಗಿತ್ತು.

ದಾರಿ ತೋರಿಸಿದ್ದು ಅಮ್ಮ. ಆ ಆರರಲ್ಲಿ ಒಂದು 1999ರ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಿತ್ತಲ್ಲ ಅಂದರು. ಅಟ್ಟದ ಟ್ರಂಕಿನಲ್ಲಿ ಪ್ರತಿ ಸಿಕ್ಕಿತು. ಒಂದು ಕಡೆ ಅಚ್ಚಾದ ಕನ್ನಡ, ಇನ್ನೊಂದು ಕಡೆ ಅದೇ ಬರಹದ ಅಂಕಿಗಳು. ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವ ಅಂಕಿಗೆ ಯಾವ ತುಂಡು ಅಂತ ಪಟ್ಟಿ ಮಾಡ್ತಾ ಹೋದೆ. ಪುಣೆಗೆ ಬಂದಮೇಲೆ ಪ್ರತಿ ಭಾನುವಾರ ಅಪ್ಪನ ಜೊತೆ ವಿಡಿಯೋ ಕಾಲ್. ಆ ಲೇಖನದಲ್ಲಿ ಬರದೇ ಇದ್ದ ಒತ್ತಕ್ಷರಗಳ ಜಾಗದಲ್ಲಿ ಪ್ರಶ್ನೆ ಚಿಹ್ನೆ ಇರ್ತಿತ್ತು, ಅಪ್ಪ ವಾಕ್ಯ ಓದಿ, ಅರ್ಥ ನೋಡಿ ತುಂಬಿಸ್ತಿದ್ದರು. ಒಂದು ಅಕ್ಷರ ಸಿಕ್ಕರೆ ಐದೂ ಫೈಲಿನಲ್ಲಿ ಅದು ಬರೋ ಕಡೆಯೆಲ್ಲ ತೆರೆದುಕೊಳ್ಳೋದು. ನಾಲ್ಕು ತಿಂಗಳಲ್ಲಿ ಎಲ್ಲಾ ಓದೋ ಹಾಗಾಯ್ತು. ಒಂದು ಗದ್ದೆಯ ಹೆಸರಿನಲ್ಲಿ ಮಾತ್ರ ಇನ್ನೂ ಒಂದು ಪ್ರಶ್ನೆ ಚಿಹ್ನೆ ಇದೆ. ಹೆಸರನ್ನ ಅರ್ಥ ನೋಡಿ ತುಂಬೋಕೆ ಆಗಲ್ಲ, ಕೇಳೋಣ ಅಂದರೆ ಹೇಳೋರಿಲ್ಲ, ಗದ್ದೆ ನೀರಿನಡಿ ಇದೆ. ಅಪ್ಪ ಅದನ್ನ ಹಾಗೇ ಬಿಡು ಅಂದಿದಾರೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗೀತು. ನಮ್ಮಲ್ಲಿ ಎಷ್ಟೋ ಜನ ಊರಿನ ಮನೆಯ ಕಂಪ್ಯೂಟರ್ ಬದಲಾಯಿಸೋ ಯೋಚನೆಯಲ್ಲಿರ್ತೀರಿ. ಮುಂಬೈ, ಚೆನ್ನೈ, ಹೈದರಾಬಾದಿನಿಂದ ಎರಡು ದಿನದ ರಜೆಗೆ ಹೋಗಿ, ಅವಸರದಲ್ಲಿ ಮುಗಿಸಿ ಬರೋರು ನಾವು. ಹೋದಾಗ ನಾಲ್ಕು ಕೆಲಸ ಮಾಡಿ. ಡಾಕ್ಯುಮೆಂಟ್ ಜೊತೆ ಫಾಂಟ್ಸ್ ಫೋಲ್ಡರನ್ನೂ ಪೂರ್ತಿ ಕಾಪಿ ಮಾಡಿ. ನುಡಿ, ಬರಹ, ಶ್ರೀಲಿಪಿ, ಯಾವುದರ ಇನ್‌ಸ್ಟಾಲರ್ ಇದ್ದರೂ ಬಿಡಬೇಡಿ. ಹೊಸ ಯಂತ್ರದಲ್ಲಿ ಫೈಲ್ ಎಣಿಸಿ ಸುಮ್ಮನಾಗಬೇಡಿ, ಬೇರೆ ಬೇರೆ ವರ್ಷದ ಹತ್ತು ಫೈಲನ್ನ ಬರೆದವರ ಎದುರೇ ತೆರೆದು ಓದಿಸಿ. ಹಳೇ ಡಿಸ್ಕನ್ನ ಒಂದು ವರ್ಷ ಬೀರುವಿನಲ್ಲಿಡಿ, ಅದೇನು ಊಟ ಕೇಳಲ್ಲ.

ಹೊಸ ಲ್ಯಾಪ್‌ಟಾಪಿನಲ್ಲಿ ಅಪ್ಪ ಈಗ ಯೂನಿಕೋಡಿನಲ್ಲೇ ಬರೀತಾರೆ, ಕೆ.ಪಿ. ರಾವ್ ವಿನ್ಯಾಸದಲ್ಲೇ. ಮೊನ್ನೆ ಕಾಲ್ ಮಾಡಿದಾಗ ನೋಡಿದೆ, ಎಫ್ ಕೀ ಆಗಲೇ ಸ್ವಲ್ಪ ಹೊಳೆಯೋಕೆ ಶುರುವಾಗಿದೆ.